ಗಾಜಿನ ಮಣಿಸರವನ್ನು ಓದುವುದು ಹೇಗೆ? ಪುಲಿಕೇಶಿನಗರದ ಒಂದು ಸರದ ನೆಪದಲ್ಲಿ

"ನೀವು ಕಲ್ಲು ಓದ್ತೀರಂತಲ್ಲಪ್ಪ, ಇದನ್ನೂ ಸ್ವಲ್ಪ ಓದಿ ಹೇಳಿ" ಅಂತ ನಮ್ಮ ಪಕ್ಕದ ರಸ್ತೆಯ ಆಂಟಿಯೊಬ್ಬರು ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ಮೇಜಿನ ಮೇಲಿಟ್ಟರು. ಒಳಗೆ ಹತ್ತಿಯ ಮೇಲೆ ಒಂದು ಮಣಿಸರ. ಬಹುಪಾಲು ಸಾಸಿವೆಗಿಂತ ಸ್ವಲ್ಪ ದೊಡ್ಡದಾದ, ಇಟ್ಟಿಗೆ ಬಣ್ಣದ ಮಣಿಗಳು. ನಡುನಡುವೆ ಹೊಳೆಯುವ ರಕ್ತಗೆಂಪು ಮಣಿಗಳು, ಕೆಲವು ನೀಲಿ, ಕೆಲವು ಬಿಳಿ, ನಾಲ್ಕು ಉದ್ದನೆಯ ಕಾರ್ನೀಲಿಯನ್ ಕಲ್ಲಿನ ಮಣಿಗಳು. ದಾರ ಎಣ್ಣೆ ಕುಡಿದು ಕಪ್ಪಾಗಿತ್ತು.

ಸರ ಅವರ ಪಾಟಿಯದ್ದು, ಅಂದ್ರೆ ತಾಯಿಯ ತಾಯಿಯದ್ದು. ಅದನ್ನು ನೋಡಿದ ವ್ಯಾಪಾರಿಯೊಬ್ಬರು "ಇದು ರೋಮನ್ನರ ಕಾಲದ್ದು, ಎರಡು ಸಾವಿರ ವರ್ಷ ಹಳೇದು. ತಿಳಿದವರಿಂದ ಒಂದು ಚೀಟಿ ಬರೆಸಿಕೊಂಡು ಬಂದರೆ ಒಳ್ಳೆ ಬೆಲೆ ಕೊಡಿಸ್ತೀನಿ" ಅಂದಿದ್ದರಂತೆ. ಆ "ತಿಳಿದವರು" ನಾನಾಗಬೇಕಿತ್ತು.

ನಾನು ಎಂಜಿನಿಯರು. ಶಾಸನ ಓದುವುದನ್ನು ಭಾನುವಾರಗಳಲ್ಲಿ ಕಲಿತವನು. ಮಣಿಗಳ ಬಗ್ಗೆ ಚೀಟಿ ಬರೆದುಕೊಡುವ ಅಧಿಕಾರ ನನಗಿಲ್ಲ, ಬರೆಯಲೂ ಇಲ್ಲ. ಆದರೆ ಶಾಸನಕ್ಕೆ ನಾವು ಕೇಳುವ ಪ್ರಶ್ನೆಗಳನ್ನೇ ಮಣಿಗೂ ಕೇಳಬಹುದು: ಮಾಡಿದ್ದು ಹೇಗೆ, ಎಲ್ಲಿ, ಯಾವಾಗ, ಮತ್ತು ಈಗಿರುವ ಜಾಗಕ್ಕೆ ಬಂದದ್ದು ಹೇಗೆ? ಈ ಬರಹದಲ್ಲಿ ಆ ಪ್ರಶ್ನೆಗಳನ್ನೇ ಒಂದೊಂದಾಗಿ ಕೇಳಿದ್ದೇನೆ.

ರೋಮಿನ ಕತೆ ಹುಟ್ಟಿದ್ದು ಎಲ್ಲಿಂದ

ವ್ಯಾಪಾರಿಯ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. ಬೆಂಗಳೂರಿನ ಮಣ್ಣಿನಲ್ಲಿ ರೋಮನ್ ನಾಣ್ಯಗಳು ಸಿಕ್ಕಿರುವುದು ನಿಜ. 1891ರಲ್ಲಿ ಯಶವಂತಪುರದಲ್ಲಿ, 1965ರಲ್ಲಿ ನಮಗೆ ಹತ್ತಿರದ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿಗಳು ಸಿಕ್ಕವು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯಗಳು ದೊರೆತಿವೆ. ಮಾರ್ಟಿಮರ್ ವ್ಹೀಲರ್ 1947ರಲ್ಲಿ ಚಂದ್ರವಳ್ಳಿ ಮತ್ತು ಬ್ರಹ್ಮಗಿರಿಯಲ್ಲಿ ಅಗೆತ ನಡೆಸಿದಾಗ ಕಲ್ಲು, ಚಿಪ್ಪು, ಗಾಜಿನ ಮಣಿಗಳೂ ಹೊರಬಂದವು.

ಶಾಸನಾಸಕ್ತರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಬ್ರಹ್ಮಗಿರಿ ಅಂದ್ರೆ ಬಿ.ಎಲ್. ರೈಸ್ 1892ರಲ್ಲಿ ಅಶೋಕನ ಶಾಸನವನ್ನು ಪತ್ತೆ ಮಾಡಿದ ಜಾಗ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ಅಶೋಕನ ಹೆಸರಿರುವ ಶಾಸನವನ್ನು ಕಂಡದ್ದು ಮಸ್ಕಿಯಲ್ಲಿ. 1954ರಲ್ಲಿ ಬಿ.ಕೆ. ಥಾಪರ್ ಅಗೆಸಿದ ಆ ಮಸ್ಕಿಯೂ ಮಣಿಗಳಿಗೆ ಹೆಸರಾದ ನೆಲೆ. ಕನ್ನಡ ನಾಡಿನ ಮೊದಲ ಅಕ್ಷರಗಳು ಸಿಗುವ ಊರುಗಳಲ್ಲೇ ಹಳೆಯ ಮಣಿಗಳೂ ಸಿಗುತ್ತವೆ. ನಾವು ಬಂಡೆಯ ಫೋಟೋ ತೆಗೆದು ವಾಪಸು ಬರುತ್ತೇವೆ, ಕಾಲ ಕೆಳಗಿನ ಮಣಿಯನ್ನು ನೋಡುವುದಿಲ್ಲ.

ಹಾಗಾದ್ರೆ ಆಂಟಿಯ ಸರ ರೋಮನ್ನೇ? ನಾಣ್ಯ ಸಿಕ್ಕ ಊರಲ್ಲಿ ಮಣಿ ಇದ್ದ ಮಾತ್ರಕ್ಕೆ ಎರಡೂ ಒಂದೇ ಕಾಲದ್ದು ಅನ್ನಲಾಗದು. ಪುಲಿಕೇಶಿನಗರ ಎಂದು ಹೆಸರಿದ್ದ ಮಾತ್ರಕ್ಕೆ ನಮ್ಮ ಬಡಾವಣೆಯನ್ನು ಬಾದಾಮಿಯ ಚಾಲುಕ್ಯರು ಕಟ್ಟಿಸಿದರು ಅನ್ನಲು ಆಗುತ್ತದೆಯೇ? ಪ್ಲೇಗ್ ಬಂದುಹೋದ ಮೇಲೆ, 20ನೇ ಶತಮಾನದ ಮೊದಲ ದಶಕದಲ್ಲಿ, ಬ್ರಿಟಿಷ್ ರೆಸಿಡೆಂಟ್ ಸ್ಟುವರ್ಟ್ ಫ್ರೇಜರ್ ಹೆಸರಿನಲ್ಲಿ ಎದ್ದ ಫ್ರೇಜರ್ ಟೌನ್ ಇದು. ಚಾಲುಕ್ಯ ದೊರೆಯ ಹೆಸರು ಆಮೇಲೆ ಬಂದು ಕೂತದ್ದು.

ಶಾಸನಗಳು ಗಾಜಿನ ಬಗ್ಗೆ ಏಕೆ ಮೌನ

ಮಣಿಗಳ ವಿಷಯದಲ್ಲಿ ಶಾಸನಗಳಿಂದ ಸಹಾಯ ಸಿಗಬಹುದೇ ಅಂತ ಮೊದಲು ಹುಡುಕಿದೆ. ಪುಲಿಕೇಶಿ ಅಂದಕೂಡಲೇ ನೆನಪಾಗುವುದು ಐಹೊಳೆಯ ಮೇಗುಟಿಯಲ್ಲಿರುವ, 634ರ ರವಿಕೀರ್ತಿಯ ಶಾಸನ. ಅದೇ ಐಹೊಳೆಯ ಹೆಸರನ್ನು ಹೊತ್ತು ದಕ್ಷಿಣ ಭಾರತವೆಲ್ಲ ಓಡಾಡಿದ ವರ್ತಕರ ಸಂಘ ಅಯ್ಯಾವೊಳೆ ಐನೂರ್ವರು. ಅವರ ಪ್ರಶಸ್ತಿಗಳಲ್ಲಿ ಸರಕಿನ ಪಟ್ಟಿಯೇ ಇರುತ್ತದೆ. ಶಿಕಾರಿಪುರ ತಾಲ್ಲೂಕಿನ, 11ನೇ ಶತಮಾನದ ಪ್ರಸಿದ್ಧ ಶಾಸನವೊಂದರಲ್ಲಿ ಆನೆ, ಕುದುರೆ, ನೀಲಮಣಿ, ಚಂದ್ರಕಾಂತ, ಮುತ್ತು, ಮಾಣಿಕ್ಯ, ವಜ್ರ, ಹವಳ, ಪಚ್ಚೆ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ, ಕೇಸರಿ ಅಂತ ಸಾಲು ಸಾಲು ಬರುತ್ತದೆ. ಇವನ್ನು ಸಗಟಾಗಿಯೂ ಮಾರುತ್ತಿದ್ದರು, ಹೆಗಲ ಮೇಲೆ ಹೊತ್ತು ಸುತ್ತಿಯೂ ಮಾರುತ್ತಿದ್ದರು ಎಂಬ ವಿವರವೂ ಇದೆ.

ಇಷ್ಟೆಲ್ಲ ರತ್ನಗಳ ನಡುವೆ ಗಾಜಿನ ಮಣಿಯ ಹೆಸರು ಕಾಣುವುದಿಲ್ಲ. ಅವರು ಮಾರುತ್ತಿರಲಿಲ್ಲ ಅಂತ ಇದರ ಅರ್ಥವಲ್ಲ. ಪ್ರಶಸ್ತಿ ಅನ್ನುವುದು ಇವತ್ತಿನ ಭಾಷೆಯಲ್ಲಿ ಜಾಹೀರಾತು. ಯಾವ ಅಂಗಡಿಯವರು ತಾನೇ ಬೋರ್ಡಿನ ಮೇಲೆ ಗುಂಡುಸೂಜಿ, ಪಿನ್ನು ಅಂತ ಬರೆಸುತ್ತಾರೆ? ಇದೇ ಐನೂರ್ವರ ಸಂಘದ ತಮಿಳು ಶಾಸನವೊಂದು, 1088ರದ್ದು, ಸುಮಾತ್ರಾ ದ್ವೀಪದ ಬಾರೂಸ್ ಬಳಿ ಸಿಕ್ಕಿದೆ. ಆ ನೆಲೆಯ ಅಗೆತದಲ್ಲಿ ಗಾಜಿನ ಚೂರುಗಳೂ ಮಣಿಗಳೂ ಹೊರಬಂದಿವೆ. ಕಲ್ಲಿನ ಮೇಲೆ ಬರೆಸದ ಅಗ್ಗದ ಸರಕು ಮಣ್ಣಿನಲ್ಲಿ ಉಳಿದಿದೆ.

ಶಾಸನ ಬರೆಸಿದವರು ರಾಜ, ದಂಡನಾಯಕ, ಸೆಟ್ಟಿ, ಮಠಾಧಿಪತಿ. ಗಾಜಿನ ಮಣಿ ಹಾಕಿಕೊಂಡವರು ಹೆಚ್ಚಾಗಿ ಚಿನ್ನ ಕೊಳ್ಳಲಾಗದ ಹೆಂಗಸರು, ಮಕ್ಕಳು. ಅವರ ಹೆಸರು ಕಲ್ಲಿನ ಮೇಲೆ ಬಂದಿರುವುದು ಅಪರೂಪ. ಅಂಥವರ ವ್ಯಾಪಾರ, ಅಭಿರುಚಿ, ಓಡಾಟಕ್ಕೆ ಉಳಿದಿರುವ ಕೆಲವೇ ಸಾಕ್ಷಿಗಳಲ್ಲಿ ಈ ಮಣಿಯೂ ಒಂದು. ಆದ್ದರಿಂದಲೇ ಅದನ್ನು ತಪ್ಪಾಗಿ ಓದಬಾರದು ಅನ್ನುವುದು ನನ್ನ ಕಾಳಜಿ.

ಮಣಿಗೂ ಲಿಪಿಯುಂಟು

ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯೊಂದು, ಒಳ್ಳೆಯ ಬೆಳಕು, ಇಷ್ಟಿದ್ದರೆ ಸಾಕು. ಮಣಿಯ ತೂತಿನ ಸುತ್ತ ನೋಡಿ. ಗಾಜು ಕರಗಿದ್ದಾಗ ಏನೇನಾಯಿತು ಎಂಬುದು ಅಲ್ಲಿ ಬರೆದಿರುತ್ತದೆ. ಮುಖ್ಯವಾಗಿ ಮೂರು "ಲಿಪಿ".

ಮೊದಲನೆಯದು ಎಳೆದ ಮಣಿ. ಕರಗಿದ ಗಾಜನ್ನು ಟೊಳ್ಳು ಕೊಳವೆಯಾಗಿ ಉದ್ದಕ್ಕೆ ಎಳೆದು, ಆರಿದ ಮೇಲೆ ತುಂಡು ಮಾಡಿದ್ದು. ಇದರಲ್ಲಿ ಗಾಳಿಗುಳ್ಳೆಗಳು ಉದ್ದವಾಗಿ, ತೂತಿನ ದಿಕ್ಕಿನಲ್ಲೇ ಮಲಗಿರುತ್ತವೆ. ಗೆರೆಗಳೂ ಅದೇ ದಿಕ್ಕಿಗೆ.

ಎರಡನೆಯದು ಸುತ್ತಿದ ಮಣಿ. ಕಬ್ಬಿಣದ ಕಡ್ಡಿಗೆ ಬಿಸಿ ಗಾಜಿನ ಎಳೆ ಸುತ್ತಿ ಮಾಡಿದ್ದು. ಗೆರೆ, ಗುಳ್ಳೆಗಳು ತೂತನ್ನು ಬಳಸಿಕೊಂಡು, ಬಳೆಯ ಹಾಗೆ ಸುತ್ತ ಓಡುತ್ತವೆ. ಒಂದೊಂದು ಮಣಿಯೂ ಬೇರೆ ಬೇರೆ ಕೈಕೆಲಸ, ಹಾಗಾಗಿ ಎರಡು ಮಣಿ ಪೂರ್ತಿ ಒಂದೇ ಥರ ಇರುವುದಿಲ್ಲ.

ಮೂರನೆಯದು ಅಚ್ಚಿನಲ್ಲಿ ಒತ್ತಿದ ಮಣಿ. ಎರಡು ಅಚ್ಚು ಕೂಡಿದ ಜಾಗದಲ್ಲಿ ಸಣ್ಣದೊಂದು ಏಣು ಉಳಿದಿರುತ್ತದೆ. ಉಜ್ಜಿ ನಯ ಮಾಡಿದ್ದರೂ ಬೆಳಕಿಗೆ ಓರೆ ಹಿಡಿದರೆ ಸಿಗುತ್ತದೆ. 19ನೇ ಶತಮಾನದಲ್ಲಿ ಬೊಹೆಮಿಯಾದ, ಅಂದ್ರೆ ಇವತ್ತಿನ ಜೆಕ್ ದೇಶದ, ಯಾಬ್ಲೊನೆಟ್ಸ್ ಸುತ್ತಮುತ್ತ ಇಂಥವು ರಾಶಿ ರಾಶಿ ತಯಾರಾಗಿ ಜಗತ್ತಿನ ಸಂತೆಗಳಿಗೆಲ್ಲ ಹೋದವು.

ಆಂಟಿಯ ಸರದ ಇಟ್ಟಿಗೆ ಬಣ್ಣದ ಮಣಿಗಳು ಎಳೆದವು. ನೀಲಿಯವುಗಳಲ್ಲಿ ಮೂರಕ್ಕೆ ಅಚ್ಚಿನ ಏಣು ಇತ್ತು. ಅಲ್ಲಿಗೆ ಆ ಮೂರು ರೋಮಿನಿಂದ ಬಹಳ ದೂರ ಬಂದಂತಾಯಿತು.

ಪಾಪನಾಯ್ಡುಪೇಟೆಯ ಪಾಠ

ಇಟ್ಟಿಗೆ ಬಣ್ಣದ ಮಣಿಗಳ ವಿಷಯ ಅಷ್ಟು ಸುಲಭವಲ್ಲ. ಪುದುಚೇರಿ ಪಕ್ಕದ ಅರಿಕಮೇಡುವಿನಲ್ಲಿ ವ್ಹೀಲರ್ 1945ರಲ್ಲಿ ಅಗೆದರು. ಒಂದೇ ಬಣ್ಣದ, ಸಣ್ಣ, ಎಳೆದು ಮಾಡಿದ ಗಾಜಿನ ಮಣಿಗಳಿಗೆ ಆ ಊರು ಈಗ ಪ್ರಸಿದ್ಧ. ಇಂಥ ಮಣಿಗಳು ಆಫ್ರಿಕಾದಿಂದ ಹಿಡಿದು ಕೊರಿಯಾದವರೆಗೆ ಸಿಗುವುದನ್ನು ಕಂಡ ಅಮೆರಿಕದ ಮಣಿತಜ್ಞ ಪೀಟರ್ ಫ್ರಾನ್ಸಿಸ್ ಇವಕ್ಕೆ "ಇಂಡೋ-ಪೆಸಿಫಿಕ್ ಮಣಿ" ಎಂದು ಹೆಸರಿಟ್ಟರು. ಇಂಡೋನೇಷ್ಯಾದ ಕೆಲವು ದ್ವೀಪಗಳಲ್ಲಿ ಇದೇ ಇಟ್ಟಿಗೆಗೆಂಪು ಮಣಿಯನ್ನು "ಮುತಿಸಲಾ" ಎಂದು ಕರೆದು, ಮನೆತನದ ಆಸ್ತಿಯಾಗಿ ಕಾಪಾಡಿಕೊಂಡು ಬಂದಿದ್ದಾರೆ.

ತಿರುಪತಿ ಹತ್ತಿರದ ಪಾಪನಾಯ್ಡುಪೇಟೆಯಲ್ಲಿ ಇದೇ ಕ್ರಮ ನಮ್ಮ ಕಾಲದವರೆಗೂ ಉಳಿದು ಬಂತು. ಫ್ರಾನ್ಸಿಸ್, ಆಮೇಲೆ ಅಲೋಕ್ ಕುಮಾರ್ ಕಾನುನ್ಗೋ ಮೊದಲಾದವರು ಅದನ್ನು ದಾಖಲಿಸಿದ್ದಾರೆ. ಕುಲುಮೆಯಲ್ಲಿ ಕರಗಿದ ಗಾಜಿನ ದೊಡ್ಡ ಮುದ್ದೆಯನ್ನು "ಲಾಡ" ಎಂಬ ಟೊಳ್ಳು ಕಬ್ಬಿಣದ ಕೊಳವೆಗೆ ಸುತ್ತಿಕೊಳ್ಳುತ್ತಾರೆ. ಅದನ್ನು ಉರುಳಿಸಿ ಗೋಪುರದ ಆಕಾರಕ್ಕೆ ತರುತ್ತಾರೆ. ಕೊಳವೆಯೊಳಗಿಂದ ಸರಳು ತೂರಿಸಿ ಮುದ್ದೆಯ ತುದಿಯವರೆಗೂ ತೂತು ಮಾಡುತ್ತಾರೆ. ಮತ್ತೆ ಕುಲುಮೆಯೊಳಗಿಟ್ಟು, ಎದುರು ಬದಿಯ ಬಾಯಿಯಿಂದ ಒಬ್ಬ ಕುಶಲಿ ತುದಿಯನ್ನು ಕೊಕ್ಕೆಯಿಂದ ಹಿಡಿದು ಗಾಜನ್ನು ಒಂದೇ ಸಮನೆ ಎಳೆಯುತ್ತಾ ಹೋಗುತ್ತಾನೆ. ಕೈಗೆ ಬರುವುದು ಸಣ್ಣ ಟೊಳ್ಳು ನಳಿಕೆ. ಅದನ್ನು ಚೂರು ಚೂರಾಗಿ ಕತ್ತರಿಸಿ, ಬೂದಿಯಲ್ಲಿ ಬೆರೆಸಿ ಮತ್ತೆ ಬಿಸಿ ಮಾಡಿದರೆ ಚೂಪು ಅಂಚು ದುಂಡಗಾಗುತ್ತದೆ. ಬೂದಿ ಹಾಕುವುದು ತೂತು ಮುಚ್ಚಿಹೋಗದಿರಲಿ, ಮಣಿಗಳು ಒಂದಕ್ಕೊಂದು ಅಂಟದಿರಲಿ ಅಂತ. ಎಂಜಿನಿಯರ್ ಕಣ್ಣಿಗೆ ಇದು ನಿಜಕ್ಕೂ ಬೆರಗು. ಒಂದೊಂದೇ ಮಣಿಗೆ ತೂತು ಕೊರೆಯುವ ಬದಲು ಇಡೀ ಮುದ್ದೆಗೆ ಒಂದೇ ತೂತು ಮಾಡಿ, ಅದನ್ನು ಸಾವಿರಾರು ಮಣಿಗಳಿಗೆ ಹಂಚುವ ಉಪಾಯ ಇದು.

ಇಲ್ಲೇ ಒಂದು ಹಳ್ಳವಿದೆ. ತಂತ್ರ ಎರಡು ಸಾವಿರ ವರ್ಷ ಹೆಚ್ಚುಕಮ್ಮಿ ಒಂದೇ ಆಗಿ ಉಳಿದಿದ್ದರೆ, ತಂತ್ರವನ್ನು ನೋಡಿ ಕಾಲ ಹೇಳುವುದು ಹೇಗೆ? ಎಳೆದ ಇಟ್ಟಿಗೆಗೆಂಪು ಮಣಿಯೊಂದು ಶಾತವಾಹನರ ಕಾಲದ್ದಿರಬಹುದು, ವಿಜಯನಗರದ ಕಾಲದ್ದಿರಬಹುದು, ಪಾಟಿಯ ಮದುವೆಗೆ ಎರಡು ವರ್ಷ ಮುಂಚಿನದ್ದೂ ಇರಬಹುದು. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲಿನಲ್ಲಿ ವರ್ಷ ಇಲ್ಲದಿದ್ದರೂ ಗಂಗರ ಶ್ರೀಪುರುಷನ ಹೆಸರಿದೆ, ಅಕ್ಷರಗಳ ರೂಪವಿದೆ. ಎರಡೂ ಸೇರಿ ಸುಮಾರು 750 ಅನ್ನಬಹುದು. ಮಣಿಗೆ ರಾಜನ ಹೆಸರಿಲ್ಲ, ಅದರ "ಅಕ್ಷರ" ಬದಲಾಗಿಯೂ ಇಲ್ಲ. ಅಗೆತದಲ್ಲಿ, ಇಂಥದ್ದೇ ಮಣ್ಣಿನ ಪದರದಲ್ಲಿ ಸಿಕ್ಕಿದ್ದರೆ ಮಾತ್ರ ಅದರ ಕಾಲ ತಿಳಿಯುತ್ತದೆ. ಡಬ್ಬಿಯಲ್ಲಿ ಸಿಕ್ಕರೆ ಇಲ್ಲ.

ನಮ್ಮ ನಾಡಿನಲ್ಲೂ ಗಾಜಿನ ಕುಲುಮೆಗಳಿದ್ದವು ಅನ್ನುವುದನ್ನು ಇಲ್ಲಿ ಸೇರಿಸಬೇಕು. ಟಿಪ್ಪು ತೀರಿಕೊಂಡ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯ ಪ್ರವಾಸ ಹೊರಟ ಫ್ರಾನ್ಸಿಸ್ ಬುಕಾನನ್ ಈಗಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಬಳೆಯ ಗಾಜು ಮಾಡುವುದನ್ನು ವಿವರವಾಗಿ ಬರೆದಿದ್ದಾನೆ. ಅಲ್ಲಿ ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂಬ ಐದು ಬಣ್ಣದ ಗಾಜು ತಯಾರಾಗುತ್ತಿತ್ತು. ಹಾಗಾಗಿ ಹಳೆಯ ಗಾಜು ಕಂಡ ಕೂಡಲೇ ಹಡಗು ಹತ್ತಿಸಿ ಪರದೇಶಕ್ಕೆ ಕಳಿಸುವ ಅಗತ್ಯವಿಲ್ಲ.

ಸರದ ಕಾಲ ಹೇಳುವ ಮಣಿ

ಎಲ್ಲ ಮಣಿಗಳೂ ಹೀಗೆ ಬಾಯಿ ಕಟ್ಟಿಕೊಂಡಿರುವುದಿಲ್ಲ. ಆಂಟಿಯ ಸರದ ರಕ್ತಗೆಂಪು ಮಣಿಗಳ ತೂತನ್ನು ನೋಡಿದಾಗ ಒಳಗಿನ ಪದರ ಹಾಲಿನಂತೆ ಬೆಳ್ಳಗಿತ್ತು. ಮೇಲೆ ತೆಳುವಾದ ಕೆಂಪು, ಒಳಗೆ ಬಿಳಿ. ವ್ಯಾಪಾರಿಗಳು ಇದನ್ನು "ವೈಟ್ ಹಾರ್ಟ್" ಅನ್ನುತ್ತಾರೆ. ವೆನಿಸ್ಸಿನ ಗಾಜುಗಾರರು ಮಾಡಿ ಆಫ್ರಿಕಾ, ಅಮೆರಿಕ, ಏಷ್ಯಾಗಳಿಗೆಲ್ಲ ಕಳಿಸಿದ ಮಣಿ. ಹೀಗೆ ಪದರ ಕೊಡುವುದಕ್ಕೆ ಕಾರಣವಿದೆ: ಕೆಂಪು ಗಾಜು ದುಬಾರಿ, ಬಿಳಿ ಅಗ್ಗ. ಜೊತೆಗೆ ಒಳಗೆ ಬಿಳಿ ಇದ್ದರೆ ಮೇಲಿನ ಕೆಂಪು ಇನ್ನೂ ಹೊಳೆಯುತ್ತದೆ. ಇದೇ ಜಾತಿಯ ಹಳೆಯ ಮಣಿಗಳಲ್ಲಿ ಒಳಗಿನ ಪದರ ಹಸಿರು. ಬಿಳಿ ಒಳಪದರ ರೂಢಿಗೆ ಬಂದದ್ದು 19ನೇ ಶತಮಾನದಲ್ಲಿ.

ಬಿಳಿ ಮಣಿಗಳದ್ದು ಇನ್ನೂ ಸ್ಪಷ್ಟ ಉತ್ತರ. ಅವುಗಳ ಮೈ ಒಂದು ಕಡೆ ನುಣುಪು, ಇನ್ನೊಂದು ಕಡೆ ಕಿತ್ತಳೆ ಸಿಪ್ಪೆಯಂತೆ ಒರಟು. ಸೊಂಟದ ಸುತ್ತ ಒಂದು ಪಟ್ಟಿ. ಇವು ಗಾಜೇ ಅಲ್ಲ, ಪಿಂಗಾಣಿ ಜಾತಿಯವು. ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಸುಡುವ ಈ ಕ್ರಮಕ್ಕೆ ರಿಚರ್ಡ್ ಪ್ರಾಸರ್ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದದ್ದು 1840ರಲ್ಲಿ. ಅದೂ ಮಣಿಗಲ್ಲ, ಗುಂಡಿ ಮಾಡಲಿಕ್ಕೆ! ಮಣಿಗೆ ಬಳಸಿದ್ದು ಆಮೇಲೆ.

ಪೇಟೆಂಟಿನ ವರ್ಷ ಅಂದ್ರೆ ಶಾಸನದಲ್ಲಿ ರಾಜನ ಹೆಸರು ಸಿಕ್ಕಂತೆ. ಇಂಥ ಒಂದು ಮಣಿ ಸರದಲ್ಲಿದ್ದರೆ, ಈಗಿರುವ ರೂಪದಲ್ಲಿ ಆ ಸರವನ್ನು 1840ಕ್ಕಿಂತ ಮುಂಚೆ ಯಾರೂ ಪೋಣಿಸಿರಲು ಸಾಧ್ಯವಿಲ್ಲ. ಸರದ ಕಾಲವನ್ನು ನಿರ್ಧರಿಸುವುದು ಅದರಲ್ಲಿರುವ ಅತ್ಯಂತ ಹಳೆಯ ಮಣಿಯಲ್ಲ, ಅತ್ಯಂತ ಹೊಸ ಮಣಿ. ತಾಮ್ರಪಟಗಳಲ್ಲೂ ಹೀಗೇ ಅಲ್ವೇ? ಮರ್ಕರಾ ತಾಮ್ರಪಟ ತನ್ನನ್ನು ಶಕ 388ರದ್ದು, ಅಂದ್ರೆ 466ರದ್ದು ಎಂದು ಹೇಳಿಕೊಳ್ಳುತ್ತದೆ. ಆದರೆ ಅಕ್ಷರಗಳು ಶತಮಾನಗಳಷ್ಟು ಈಚಿನವು ಎಂದು ಫ್ಲೀಟ್ ತೋರಿಸಿಕೊಟ್ಟರು. ಹೇಳಿಕೊಂಡ ಕಾಲವನ್ನು ಬಿಟ್ಟು ಕೈಬರಹದ ಕಾಲವನ್ನು ನಂಬುವುದು ನಮ್ಮ ಕ್ಷೇತ್ರದ ಮೊದಲ ಪಾಠ.

ಪ್ರಯೋಗಾಲಯ ಏನು ಹೇಳಬಲ್ಲದು

"ಮೆಷಿನ್ನಿಗೆ ಹಾಕಿದ್ರೆ ವಯಸ್ಸು ಗೊತ್ತಾಗಲ್ವಾ?" ಅಂತ ಆಂಟಿ ಕೇಳಿದರು. ಅಷ್ಟು ಸಲೀಸಲ್ಲ. ರಾಸಾಯನಿಕ ವಿಶ್ಲೇಷಣೆ ಮುಖ್ಯವಾಗಿ ಹೇಳುವುದು ಗಾಜು ಯಾವ ಮಣ್ಣಿನ ಕೂಸು ಎಂಬುದನ್ನು. ರೋಮನ್ ಗಾಜಿನಲ್ಲಿ ಅಲ್ಯೂಮಿನಾ ಸಾಮಾನ್ಯವಾಗಿ ಶೇ. 2ರಿಂದ 3ರಷ್ಟು. ದಕ್ಷಿಣ ಭಾರತದ ಹಳೆಯ ಗಾಜಿನಲ್ಲಿ ಅದು ಶೇ. 5ನ್ನು ದಾಟುವುದು ಸಾಮಾನ್ಯ, ಯಾಕಂದ್ರೆ ನಮ್ಮ ಮರಳಿನಲ್ಲಿ ಫೆಲ್ಡ್‌ಸ್ಪಾರ್ ಹೆಚ್ಚು. ಚಿನ್ನದ ಅಂಗಡಿಗಳಲ್ಲಿ ಇಡುವಂಥ ಎಕ್ಸ್‌ಆರ್‌ಎಫ್ ಯಂತ್ರಕ್ಕೆ ಸೋಡಿಯಂನಂಥ ಹಗುರ ಧಾತು ಕಾಣುವುದಿಲ್ಲ, ಅಲ್ಯೂಮಿನಿಯಂ ಕಂಡರೂ ಮಸುಕು. ಒಳ್ಳೆಯ ಪ್ರಯೋಗಾಲಯವೇ ಬೇಕು.

ಇದರಲ್ಲೂ ಒಂದು ತಿರುವಿದೆ. 1ನೇ ಶತಮಾನದ "ಪೆರಿಪ್ಲಸ್" ಎಂಬ ಗ್ರೀಕ್ ಕಡಲಯಾನದ ಕೈಪಿಡಿ, ಭರೂಚ್ ಮತ್ತು ಮಲಬಾರಿನ ಬಂದರುಗಳಿಗೆ ಕಚ್ಚಾ ಗಾಜು ಬರುತ್ತಿತ್ತು ಎಂದು ಹೇಳುತ್ತದೆ. ಅಂದ್ರೆ ಗಾಜು ರೋಮಿನದ್ದಾದರೂ ಮಣಿ ಮಾಡಿದ ಕೈ ಇಲ್ಲಿಯದ್ದಿರಬಹುದು. "ರೋಮನ್ ಮಣಿ" ಅನ್ನುವ ಎರಡು ಪದಗಳನ್ನು ಬಳಸುವ ಮುಂಚೆ ಇಷ್ಟೆಲ್ಲ ದಾಟಬೇಕು.

ನಾನು ಮಾಡಿದ ತಪ್ಪು

ಏಳೆಂಟು ವರ್ಷದ ಹಿಂದೆ ನಮ್ಮ ಅಜ್ಜಿಯ ಒಂದು ಮಣಿಸರ ನನ್ನ ಕೈಗೆ ಬಂತು. ಉತ್ಸಾಹದಲ್ಲಿ ದಾರ ಕತ್ತರಿಸಿದೆ, ಸೋಪಿನ ನೀರಲ್ಲಿ ತೊಳೆದೆ, ಬಿಡಿಭಾಗ ವಿಂಗಡಿಸುವ ಹಾಗೆ ಬಣ್ಣದ ಪ್ರಕಾರ ಪ್ಲಾಸ್ಟಿಕ್ ಡಬ್ಬಿಗಳಿಗೆ ಹಾಕಿ ಚೀಟಿ ಅಂಟಿಸಿದೆ. ನೋಡಲು ಬಹಳ ಅಚ್ಚುಕಟ್ಟಾಗಿತ್ತು. ಆಮೇಲೆ ಅಮ್ಮ "ಯಾವುದರ ಪಕ್ಕ ಯಾವುದಿತ್ತೋ ಈಗ ಹೇಳು ನೋಡೋಣ" ಅಂದಾಗ ನನ್ನ ಹತ್ತಿರ ಉತ್ತರವಿರಲಿಲ್ಲ. ಮಣಿಗಳ ಕ್ರಮ, ದಾರದ ಜಾತಿ, ಗಂಟು ಹಾಕಿದ ರೀತಿ, ತೂತಿನೊಳಗಿನ ಕೊಳೆ ಎಲ್ಲವೂ ಸಾಕ್ಷಿ. ಶಾಸನದ ಕಲ್ಲಿಗೆ ಸುಣ್ಣ ಬಳಿದವರನ್ನು ನಾವು ಬೈಯುತ್ತೇವಲ್ಲ, ನಾನು ಮಾಡಿದ್ದೂ ಅದೇ.

ನಿಮ್ಮ ಮನೆಯಲ್ಲೂ ಕರಿಮಣಿಯ ಹಳೆಯ ಎಳೆ, ಕಿವಿಯೋಲೆಗೆ ಸೇರಿಸಿದ ಗಾಜಿನ ಹರಳು, ಅಜ್ಜಿಯ ಸರ ಇರಬಹುದು. ಹೊಸದಾಗಿ ಪೋಣಿಸಲು ಕೊಡುವ ಮುಂಚೆ ಇಷ್ಟು ಮಾಡಿ. ಸರವನ್ನು ಬಿಚ್ಚದೆ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಎರಡೂ ಬದಿಯ ಫೋಟೋ ತೆಗೆಯಿರಿ. ಮಣಿಗಳ ಕ್ರಮವನ್ನು ಬರೆದಿಡಿ. ಹುಣಸೆಹಣ್ಣು, ನಿಂಬೆರಸ, ಸೋಪು ತಾಗಿಸಬೇಡಿ. ಹಳೆಯ ದಾರವನ್ನು ಎಸೆಯದೆ ಒಂದು ಲಕೋಟೆಯಲ್ಲಿಡಿ. ಸರ ಯಾರದ್ದು, ಎಲ್ಲಿಂದ ಬಂತು ಅಂತ ಹೇಳುವವರು ಬದುಕಿರುವಾಗಲೇ ಕೇಳಿ ಬರೆದುಕೊಳ್ಳಿ.

ಇನ್ನೊಂದು ಮಾತು. ಹಳೆಯ ನೆಲೆಗಳಲ್ಲಿ ಮಳೆ ಬಂದ ಮೇಲೆ ಮಣಿ ಆರಿಸಿ ಮಾರುವುದು, ಕೊಳ್ಳುವುದು ಎರಡೂ ತಪ್ಪು. ನೆಲದಲ್ಲಿ ಸಿಕ್ಕ, 10 ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು ಎನ್ನುತ್ತದೆ 1878ರ ನಿಧಿ ಕಾಯ್ದೆ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಪುರಾವಸ್ತುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ಅವನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಕಾನೂನು ಒಂದು ಕಡೆ ಇರಲಿ. ಮಣ್ಣಿನ ಪದರದಿಂದ ಕಿತ್ತ ಮಣಿಗೆ ಕಾಲವೇ ಇಲ್ಲವಾಗುತ್ತದೆ ಅನ್ನುವುದನ್ನು ಮೇಲೆ ನೋಡಿದೆವು.

ಡಬ್ಬಿಯೊಳಗಿನ ಚೀಟಿ

ಕೊನೆಗೆ ಆಂಟಿಗೆ ಹೇಳಿದ್ದು ಇಷ್ಟು: ಈ ಸರ ಈಗಿನ ರೂಪಕ್ಕೆ ಬಂದದ್ದು 1840ರಿಂದ ಈಚೆಗೆ. ಕೆಂಪು-ಬಿಳಿ ಮಣಿಗಳು ವೆನಿಸ್ಸಿನ ಮಾದರಿಯವು, ಏಣು ಇರುವ ನೀಲಿಯವು ಅಚ್ಚಿನಲ್ಲಿ ಒತ್ತಿದವು. ಇಟ್ಟಿಗೆ ಬಣ್ಣದವು ನಮ್ಮ ದಕ್ಷಿಣದ ಎಳೆದ ಮಣಿಗಳ ಕುಲದವು, ಅವುಗಳ ವಯಸ್ಸನ್ನು ಕಣ್ಣಿನಿಂದ ಹೇಳಲಾಗದು. ರೋಮಿನದ್ದು ಅನ್ನಲು ಒಂದೂ ಆಧಾರವಿಲ್ಲ.

ಅವರ ಮುಖ ಸ್ವಲ್ಪ ಸಪ್ಪಗಾಯಿತು. ಒಳ್ಳೆಯ ದುಡ್ಡು ಬರುವುದರಲ್ಲಿತ್ತು, ಆಸೆ ಪಟ್ಟದ್ದರಲ್ಲಿ ತಪ್ಪೇನಿಲ್ಲ. ಆಮೇಲೆ ನಾವಿಬ್ಬರೂ ಕೂತು ಚೀಟಿಯೊಂದನ್ನು ಬರೆದೆವು. ವ್ಯಾಪಾರಿ ಕೇಳಿದ ಚೀಟಿ ಅಲ್ಲ, ಡಬ್ಬಿಯೊಳಗೆ ಇಡುವ ಚೀಟಿ. ಪಾಟಿ ಮೊದಲು ಕೋಲಾರದ ಗೋಲ್ಡ್ ಫೀಲ್ಡಿನಲ್ಲಿದ್ದರು, ಆಮೇಲೆ ಕಂಟೋನ್ಮೆಂಟಿಗೆ ಬಂದರು, ಹಬ್ಬದ ದಿನ ಮಾತ್ರ ಈ ಸರ ಹಾಕಿಕೊಳ್ಳುತ್ತಿದ್ದರು ಅಂತೆಲ್ಲ ಬರೆದಾಯಿತು. "ಪಾಟಿಯ ಹೆಸರು?" ಅಂತ ಕೇಳಿದೆ. ಆಂಟಿ ಸುಮ್ಮನಾದರು. ಹುಟ್ಟಿದಾಗಿನಿಂದ ಪಾಟಿ ಅಂತಲೇ ಕರೆದದ್ದು. ಚೆನ್ನೈಯಲ್ಲಿರುವ ಅಣ್ಣನಿಗೆ ಫೋನ್ ಮಾಡಿದರು. ಅವರಿಗೂ ತಕ್ಷಣ ನೆನಪಾಗಲಿಲ್ಲ, ಅರ್ಧ ಗಂಟೆ ಬಿಟ್ಟು ಅವರೇ ಫೋನ್ ಮಾಡಿ ಹೇಳಿದರು.

ಹೆಸರು ಬರೆದು, ಕೆಳಗೆ ತಾರೀಕು ಹಾಕಿ, ಚೀಟಿಯನ್ನು ಮಡಚಿ ಹತ್ತಿಯ ಕೆಳಗಿಟ್ಟೆವು. ಸರ ಅದೇ ಕಪ್ಪು ದಾರದಲ್ಲೇ ಇದೆ.